ಮಸಾಲೆ ದೋಸೆಗೆ ಸ್ಕೂಟರ್ ಹತ್ತಿಸಬೇಡಿ

"ಎಂತ ಮಾರಾಯ, ನೀನು ಕಂಪ್ಯೂಟರ್ ಓದಿದವ ಅಲ್ವಾ, ಒಂದು ಸಲ ಬಂದು ಈ ಆ್ಯಪಿನ ರಗಳೆ ಎಂತದು ಅಂತ ನೋಡು" ಅಂತ ಸೋದರಮಾವ ಫೋನ್ ಮಾಡಿದಾಗ ನಾನು ಮಾಡಿದ ಮೊದಲ ತಪ್ಪು ಅಂದ್ರೆ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದು.

ಮಾವನದ್ದು ಬನಶಂಕರಿ ಕಡೆ ಒಂದು ಸಣ್ಣ ಹೋಟೆಲು. ಹೊರಗೆ ನಿಂತು ತಿನ್ನೋಕೆ ಜಾಗ, ಒಳಗೆ ಆರು ಮೇಜು. ಕುಂದಾಪುರದ ಹತ್ತಿರದ ಹಳ್ಳಿಯಿಂದ ಬಂದು, ಬೇರೆಯವರ ಹೋಟೆಲಲ್ಲಿ ಲೋಟ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಆಮೇಲೆ ಗಲ್ಲಾದಲ್ಲಿ ಕೂತು, ಕೊನೆಗೆ ಸಾಲ ಮಾಡಿ ಸ್ವಂತದ್ದು ಹಾಕಿದವರು. ಎರಡು ಆ್ಯಪ್‌ಗಳಲ್ಲಿ ಹೋಟೆಲಿನ ಹೆಸರಿದೆ. ಇತ್ತೀಚೆಗೆ ನಕ್ಷತ್ರಗಳು 4.2ರಿಂದ 3.6ಕ್ಕೆ ಇಳಿದಿದ್ದವು. ದೋಸೆ ರಬ್ಬರ್ ಆಗಿತ್ತು, ಸಾಂಬಾರ್ ಚೆಲ್ಲಿತ್ತು, ಚಟ್ನಿನೇ ಬಂದಿಲ್ಲ, ಒಂದು ಗಂಟೆ ಲೇಟು.... ಹೀಗೆ ದೂರುಗಳ ಸಾಲು. ಪ್ರತಿ ದೂರಿಗೂ ಮಾವನ ಲೆಕ್ಕದಿಂದ ದುಡ್ಡು ಕಟ್.

ನಾನೋ ಸಾಫ್ಟ್‌ವೇರ್ ಮನುಷ್ಯ. ಗಲ್ಲಾದ ಪಕ್ಕ ಕೂತು ಒಂದೇ ಗಂಟೆಯಲ್ಲಿ ಮೂರು ಪುಟದ ಯೋಜನೆ ಬರೆದುಬಿಟ್ಟೆ. ಎರಡೂ ಆ್ಯಪಿನ ಆರ್ಡರ್‌ಗಳು ಒಂದೇ ಪರದೆ ಮೇಲೆ, ಅಡುಗೆಮನೆಯಲ್ಲಿ ಒಂದು ಟಿವಿ, ಕೆಂಪು ಹಸಿರು ಬಣ್ಣ, ಗ್ರಾಫ್..... ಮಾವ ಅದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಕಾಫಿ ಕೊಡಿಸಿ, "ಅಲ್ಲ, ಇದರಲ್ಲಿ ಸಾಂಬಾರ್ ಚೆಲ್ಲದ್ದು ಹೇಗೆ ನಿಲ್ತದೆ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ :-)

ನನಗಿಂತ ಮುಂಚೆ ಇನ್ನೊಬ್ಬ ಬಂದು ಹೋಗಿದ್ದ. ಹೋಟೆಲುಗಳಿಗೆ ಸಲಹೆ ಕೊಡುವುದೇ ಅವನ ಕಸುಬಂತೆ. ಚೆಂದದ ಫೋಟೋ ಹಾಕಿ, ಐಟಂ ಜಾಸ್ತಿ ಮಾಡಿ, ಚೈನೀಸ್ ಸೇರಿಸಿ, ರಿಯಾಯಿತಿ ಕೊಡಿ, ಅಡುಗೆ ಸಮಯ 12 ನಿಮಿಷ ಅಂತ ಹಾಕಿ, ಆಗ ಪಟ್ಟಿಯಲ್ಲಿ ಮೇಲೆ ಕಾಣ್ತೀರಿ ಅಂದಿದ್ದನಂತೆ. ಮಾವ ಎಲ್ಲವನ್ನೂ ಮಾಡಿದ್ದರು. 74 ಐಟಂ! ಕುಂದಾಪುರದವರ ಹೋಟೆಲಲ್ಲಿ ಶೆಜ್ವಾನ್ ನೂಡಲ್ಸು. ನಾನು ಇಲ್ಲಿ ಜಗಳಕ್ಕೆ ನಿಂತಿರೋದು ಈ ಮನುಷ್ಯನ ಜೊತೆ, ಅವನಂತೆ ಯೋಚಿಸುವ ನನ್ನ ಸಹೋದ್ಯೋಗಿಗಳ ಜೊತೆ, ಮತ್ತು ಆ ಮೂರು ಪುಟ ಬರೆದ ನನ್ನ ಜೊತೆಗೇ. ಊಟ ತಲುಪಿಸುವ ವ್ಯವಸ್ಥೆ ಸರಿ ಮಾಡಬೇಕು ಅಂದ್ರೆ ನಾವೆಲ್ಲ ಬೇಗ, ಇನ್ನೂ ಬೇಗ, ಇನ್ನೂ ಜಾಸ್ತಿ ಅಂತ ಮಾತ್ರ ಯೋಚಿಸ್ತೀವಿ. ಹೋಟೆಲಿನವರು ಮಾಡಬೇಕಾದ್ದು ಇದರ ತಿರುವುಮುರುವು. ಕಡಿಮೆ ಕಳಿಸಿ, ಹತ್ತಿರಕ್ಕೆ ಕಳಿಸಿ, ತಡವಾಗುತ್ತೆ ಅನ್ನೋದನ್ನ ಮೊದಲೇ ಹೇಳಿ, ಮತ್ತು ದಯವಿಟ್ಟು ಮಸಾಲೆ ದೋಸೆ ಕಳಿಸಲೇಬೇಡಿ.

ಬೈಯೋಕೆ ಮುಂಚೆ ಪೂರ್ತಿ ಕೇಳಿ.

ಲ್ಯಾಪ್‌ಟಾಪ್ ಮುಚ್ಚಿಟ್ಟು, ಒಂದು ನೋಟ್‌ಬುಕ್ ತಗೊಂಡು, ಶನಿವಾರ ಸಂಜೆ ಪಾರ್ಸೆಲ್ ಕೌಂಟರ್ ಪಕ್ಕ ಸ್ಟೂಲ್ ಹಾಕಿ ಕೂತೆ. ಪ್ರತಿ ಆರ್ಡರಿಗೂ ಗಂಟೆ ನೋಡಿ ಬರೆಯೋದಷ್ಟೇ ಕೆಲಸ. ಅದರಲ್ಲಿ ಒಂದನ್ನು ಹಾಗೇ ಹೇಳ್ತೀನಿ. ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ಇಡ್ಲಿ, ಒಂದು ಗೋಬಿ ಮಂಚೂರಿ. 7:41ಕ್ಕೆ ಟ್ಯಾಬ್ ಕೂಗಿತು. ಕ್ಯಾಷಿಯರ್ ಎದುರಿಗೆ ಎಂಟು ಜನ ಟೋಕನ್ನಿಗೆ ನಿಂತಿದ್ದರು, ಅವನು ಟ್ಯಾಬ್ ಒತ್ತಿದ್ದು 7:44ಕ್ಕೆ. ಚೀಟಿ ಒಳಗೆ ಹೋಗಿದ್ದು 7:46. ಇಡ್ಲಿ ಇದ್ದೇ ಇತ್ತು, 7:48ಕ್ಕೆ ಡಬ್ಬಿಯಲ್ಲಿ ಕೂತಿತು. ದೋಸೆ ಭಟ್ರು ಕಾವಲಿ ಮೇಲೆ ಒಂದು ಸರ್ತಿಗೆ ಎಂಟು ಹುಯ್ಯುತ್ತಾರೆ. ಎದುರಿಗೆ ತಟ್ಟೆ ಹಿಡಿದು ದುರುಗುಟ್ಟಿ ನೋಡೋ ಗಿರಾಕಿಗೆ ಮೊದಲು, ಕಾಣದ ಗಿರಾಕಿಗೆ ಕೊನೆಗೆ. ತಪ್ಪು ಅಂತ ಹೇಗೆ ಹೇಳಲಿ? ನಾನಾದ್ರೂ ಹಾಗೇ ಮಾಡ್ತಿದ್ದೆ. ಪಾರ್ಸೆಲ್ ದೋಸೆ ಎದ್ದಿದ್ದು 7:57. ಗೋಬಿ ಮಾಡುವವನು ಒಬ್ಬನೇ, ಅವನ ಬಾಣಲೆಯಿಂದ ಅದು ಬಂದಿದ್ದು 8:04. ಆಮೇಲೆ ಚಟ್ನಿ ಕವರ್ ಕಟ್ಟಿಲ್ಲ ಅಂತ ಗೊತ್ತಾಗಿ, ಹುಡುಗ ರಬ್ಬರ್ ಬ್ಯಾಂಡ್ ಹುಡುಕಿ, ಕಟ್ಟಿ, ಚೀಲಕ್ಕೆ ಹಾಕಿದ್ದು 8:09. ಡೆಲಿವರಿ ಹುಡುಗ 7:52ಕ್ಕೇ ಬಂದು ನಿಂತಿದ್ದ. ಹೊರಟಿದ್ದು 8:09, ಮನೆ ತಲುಪಿದ್ದು 8:20.

ಒಟ್ಟು 39 ನಿಮಿಷ. ಅದರಲ್ಲಿ ರಸ್ತೆ ಮೇಲಿದ್ದಿದ್ದು 11. ಉಳಿದ 28 ನಿಮಿಷ ನಮ್ಮ ಹೋಟೆಲಿನೊಳಗೇ ಕಳೆದುಹೋಯ್ತು. ಆ 28ರಲ್ಲಿ ಒಲೆ ಮೇಲೆ ನಿಜವಾಗಿ ಬೇಯ್ತಾ ಇದ್ದಿದ್ದು ಏಳೆಂಟು ನಿಮಿಷ ಇರಬಹುದು. ಮಿಕ್ಕಿದ್ದೆಲ್ಲ ಕಾಯುವಿಕೆ. ಇಡ್ಲಿ ಗೋಬಿಗಾಗಿ ಕಾಯ್ತು, ದೋಸೆ ಚಟ್ನಿಗಾಗಿ ಕಾಯ್ತು, ಆ ಹುಡುಗ ಎಲ್ಲದಕ್ಕೂ ಕಾದ. ಗಿರಾಕಿ ಕೊಟ್ಟಿದ್ದು ಒಂದು ನಕ್ಷತ್ರ. ಜೊತೆಗೆ "ಡೆಲಿವರಿ ಬಾಯ್ ತುಂಬಾ ಲೇಟು" ಅಂತ ಒಂದು ಸಾಲು.

ಇಲ್ಲೇ ನನಗೆ ನಮ್ಮ ಕಸುಬಿನ ಮೇಲೆ ಸಿಟ್ಟು ಬಂದಿದ್ದು. ಫೋನಿನ ಪರದೆ ಮೇಲೆ ಒಂದು ಪುಟ್ಟ ಸ್ಕೂಟರ್ ಓಡೋದನ್ನ ತೋರಿಸ್ತೀವಲ್ಲ, ಅದು ನಮ್ಮ ಹೆಮ್ಮೆ. ಜಿಪಿಎಸ್ ಇದೆ, ಮ್ಯಾಪ್ ಇದೆ, ತೋರಿಸೋದು ಸುಲಭ. ಅಡುಗೆಮನೆಯಲ್ಲಿ ಜಿಪಿಎಸ್ ಇಲ್ಲ. ಹಾಗಾಗಿ 11 ನಿಮಿಷದ ಭಾಗ ಇಂಚಿಂಚೂ ಕಾಣುತ್ತೆ, 28 ನಿಮಿಷದ ಭಾಗ "ನಿಮ್ಮ ಊಟ ತಯಾರಾಗ್ತಿದೆ" ಅನ್ನೋ ಒಂದು ಸಾಲಲ್ಲಿ ಮುಚ್ಚಿಹೋಗುತ್ತೆ. ಜನ ಕಾಣಿಸೋದನ್ನ ಬೈತಾರೆ. ಸ್ಕೂಟರ್ ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಂತರೆ ಫೋನು. ಚಟ್ನಿ ಐದು ನಿಮಿಷ ನಿಂತರೆ ಯಾರಿಗೂ ಗೊತ್ತೇ ಇಲ್ಲ.

ಇಂಜಿನಿಯರಿಂಗಿನಲ್ಲಿ ಓದಿದ್ದು ಜೀವನದಲ್ಲಿ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಅಂತ ಇದೊಂದನ್ನ ಹೇಳಿಬಿಡ್ತೀನಿ. ಸರದಿಗಳ ಬಗ್ಗೆ 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಒಂದು ಸೂತ್ರ ಇದೆ. ಒಳಗೆ ಇರೋರ ಸರಾಸರಿ ಸಂಖ್ಯೆ ಅಂದ್ರೆ, ಬರೋ ವೇಗ ಗುಣಿಸು ಒಬ್ಬೊಬ್ಬರೂ ಒಳಗೆ ಉಳಿಯೋ ಸಮಯ. ಅಷ್ಟೇ. ಮೂರು ನಿಮಿಷಕ್ಕೊಂದು ಆರ್ಡರ್ ಬಂದು, ಒಂದೊಂದೂ 27 ನಿಮಿಷ ಉಳಿದರೆ, ಕೌಂಟರಿನ ಮೇಲೆ ಯಾವಾಗ್ಲೂ 9 ಆರ್ಡರ್ ಅರೆಬರೆಯಾಗಿ ಬಿದ್ದಿರುತ್ತೆ. ಮಾವನ ಪಾರ್ಸೆಲ್ ಕೌಂಟರ್ ಇರೋದು ಎರಡೂವರೆ ಅಡಿ. ಒಂಬತ್ತು ಆರ್ಡರಿನ ಚೀಲ, ಡಬ್ಬಿ, ಕವರ್ ಅಲ್ಲಿ ಕೂರಬೇಕು. ಚಟ್ನಿ ಬಿಟ್ಟುಹೋಗದೆ ಇನ್ನೇನಾಗುತ್ತೆ? ಹುಡುಗನ ಮರೆವು ಅಂತ ಮಾವ ಬೈತಿದ್ರು. ಅವನದ್ದು ಮರೆವಲ್ಲ, ಒಂಬತ್ತು ಆರ್ಡರ್ ತಲೆಯಲ್ಲಿಟ್ಟುಕೊಳ್ಳೋಕೆ ಯಾರಿಂದಲೂ ಆಗಲ್ಲ. ಆ ಸಲಹೆಗಾರನ ಮಾತು ಕೇಳಿ ರಿಯಾಯಿತಿ ಕೊಟ್ಟು ಆರ್ಡರ್ ಜಾಸ್ತಿ ಮಾಡಿಕೊಂಡರೆ, ತುಂಬಿರೋ ಬಸ್ಸಿಗೆ ಇನ್ನೂ ಹತ್ತು ಜನರನ್ನ ಕೂಗಿ ಹತ್ತಿಸಿಕೊಂಡ ಹಾಗೆ.

ಆ ಡೆಲಿವರಿ ಹುಡುಗನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದಿಲ್ಲದೆ ಇದನ್ನ ಬರೆಯೋಕೇ ಹೋಗ್ತಿರಲಿಲ್ಲ. ಲಿಂಗಸುಗೂರಿನ ಕಡೆಯವನು. ಎಡ ಮೊಣಕೈಗೆ ಬ್ಯಾಂಡೇಜು. ಹದಿನೇಳು ನಿಮಿಷ ಇಬ್ಬರೂ ಅಕ್ಕಪಕ್ಕ ಇದ್ವಲ್ಲ, ಮಾತಾಡಿಸಿದೆ. ಏನಾಯ್ತು ಅಂದ್ರೆ, "ಹ್ವಾದ ವಾರ ಮಳಿಯಾಗ ಬಿದ್ನಿರೀ ಸಾರ್. ಇಲ್ಲೇ ಇಪ್ಪತ್ ನಿಮಿಷ ನಿಂತಿದ್ದೆ. ಕಸ್ಟಮರ್ ಮೂರ್ ಸಲ ಫೋನ್ ಹಚ್ಚಿದ್ರು. ಲಗೂನ ಮುಟ್ಟಿಸಬೇಕಂತ ಹೋಗಿ, ತಿರುವ್ನ್ಯಾಗ ಜಾರ್ತು" ಅಂದ. ನಿಂತಿದ್ದಕ್ಕೆ ದುಡ್ಡು ಕೊಡಲ್ವಾ ಅಂತ ಕೇಳಿದೆ. "ನಿಂತಿದ್ದಕ್ಕ ಬರೋ ರೊಕ್ಕ ಚಾಕ್ಕೂ ಸಾಲಂಗಿಲ್ರೀ" ಅಂತ ನಕ್ಕ.

ಇಲ್ಲೇ ಅಂದ್ರೆ ನಮ್ಮ ಹೋಟೆಲಿನ ಮುಂದೆಯೇ. ರಾತ್ರಿ ಶಟರ್ ಎಳೆದ ಮೇಲೆ ಮಾವನ ಹತ್ರ ಕೇಳಿದೆ, ಹೋದ ವಾರ ಒಬ್ಬ ಹುಡುಗ ಬಿದ್ದಿದ್ದ ಗೊತ್ತಾ ಅಂತ. ಅವರು ಪುಸ್ತಕ ತೆಗೆದು ನೋಡಿದ್ರು. ಅವತ್ತಿನ ಪುಟದಲ್ಲಿ ಇದ್ದಿದ್ದು ಇಷ್ಟೇ: "ಸಾಂಬಾರ್ ಚೆಲ್ಲಿದ್ದು, ವಾಪಸ್ 280". ಮಾವ ಕೆಟ್ಟವರಲ್ಲ ಮಾರಾಯ್ರೆ. ಅಡುಗೆಯವರ ಮಗಳ ಫೀಸು ಕಟ್ಟಿದವರು. ಆದ್ರೆ ಅವರ ಲೆಕ್ಕಕ್ಕೆ ಬಂದಿದ್ದು 280 ರೂಪಾಯಿ, ಆ್ಯಪಿನ ಲೆಕ್ಕಕ್ಕೆ ಬಂದಿದ್ದು ಒಂದು ದೂರು, ಗಿರಾಕಿಯ ಲೆಕ್ಕಕ್ಕೆ ಬಂದಿದ್ದು ಒಂದು ರಾತ್ರಿಯ ಊಟ. ಮೊಣಕೈ ಯಾರ ಲೆಕ್ಕದಲ್ಲೂ ಇರಲಿಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ಮಾಡಿತು. ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಪ್ರತಿ ವಹಿವಾಟಿಗೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲಿ ಮಾಡುವ ಅವಕಾಶ ಅದರಲ್ಲಿದೆ. ಬಹಳ ಒಳ್ಳೆಯದು. ಆದ್ರೆ 12 ನಿಮಿಷ ಅಂತ ಸುಳ್ಳು ಬರೆದು, ಆ ಸುಳ್ಳನ್ನು ನಂಬಿ ಬಂದವನನ್ನ ಕೌಂಟರ್ ಮುಂದೆ 20 ನಿಮಿಷ ನಿಲ್ಲಿಸಿಕೊಳ್ಳೋದು ನಮ್ಮ ಕೈಯಲ್ಲಿರೋ ತಪ್ಪು. ನಾವು ತಿಂದ ಆ ನಿಮಿಷಗಳನ್ನ ಅವನು ಒದ್ದೆ ರಸ್ತೆಯ ಮೇಲೆ ತೀರಿಸ್ತಾನೆ.

ಹಾಗಾಗಿ ಮೊದಲ ಬದಲಾವಣೆ, ಒಂದು ರೂಪಾಯಿ ಖರ್ಚಿಲ್ಲದ್ದು: ಸಮಯವನ್ನ ನಿಜ ಬರೆಯಿರಿ. ವಾರದ ದಿನ 18 ನಿಮಿಷ, ಶನಿವಾರ ಸಂಜೆ 25. ಮಾವ ಬೆಚ್ಚಿಬಿದ್ರು. "ಆರ್ಡರೇ ಬರುದಿಲ್ಲ!" ಬರದಿದ್ರೆ ಬೇಡ, 25 ನಿಮಿಷ ಅಂದವನ ಮನೆಗೆ 40 ನಿಮಿಷಕ್ಕೆ ಬಂದರೂ ಅವನು ಸುಮ್ಮನಿರ್ತಾನೆ, 20 ಅಂದು 40 ಆದಾಗಲೇ ಜಗಳ. ಚೀಲ ಕಟ್ಟೋ ಮುಂಚೆ 'ರೆಡಿ' ಬಟನ್ ಒತ್ತೋ ಚಾಳಿಯನ್ನೂ ಬಿಡಿಸಿದ್ದಾಯ್ತು. ಹುಡುಗರು ಹೆಚ್ಚುಕಮ್ಮಿ ಪಾರ್ಸೆಲ್ ಕಟ್ಟುವ ಹೊತ್ತಿಗೇ ಬರೋಕೆ ಶುರುವಾದ್ರು.

ಈಗ ದೋಸೆ.

ಗರಿಗರಿ ಅನ್ನೋದು ರುಚಿ ಅಲ್ಲ, ಅದೊಂದು ಸ್ಥಿತಿ. ಕಾವಲಿಯ ಬಿಸಿಗೆ ದೋಸೆಯ ಹೊರಪದರದ ನೀರೆಲ್ಲ ಹಾರಿಹೋಗಿ ಪಿಷ್ಟ ಗಾಜಿನ ಥರ ಬಿಗಿಯಾಗುತ್ತೆ, ಮುರಿದ್ರೆ ಸದ್ದು ಬರುತ್ತೆ. ಅದಕ್ಕೆ ಮತ್ತೆ ಸ್ವಲ್ಪ ನೀರು ಸಿಕ್ಕಿದ್ರೆ ಸಾಕು, ಗಾಜು ಹೋಗಿ ರಬ್ಬರ್ ಆಗುತ್ತೆ. ಮಸಾಲೆ ದೋಸೆ ಅಂದ್ರೆ ಈ ಒಣ ಪದರದ ಹೊಟ್ಟೆಯೊಳಗೆ ಹಬೆಯಾಡುವ ಆಲೂಗಡ್ಡೆ ಪಲ್ಯ. ಅದನ್ನ ಮಡಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕೋದು ಅಂದ್ರೆ ದೋಸೆಯನ್ನ ಇಡ್ಲಿ ಪಾತ್ರೆಯಲ್ಲಿಟ್ಟ ಹಾಗೆ. ಡಬ್ಬಿಗೆ ತೂತು ಮಾಡಿದ್ರೆ ಹಬೆ ಹೋಗುತ್ತೆ, ಜೊತೆಗೆ ಬಿಸಿಯೂ ಹೋಗುತ್ತೆ. ಬಿಸಿಯಾಗಿ ಮೆತ್ತಗಿರೋ ದೋಸೆ ಬೇಕೋ, ತಣ್ಣಗೆ ಒಂದಿಷ್ಟು ಗರಿಯಾಗಿರೋ ದೋಸೆ ಬೇಕೋ, ಎರಡೇ ದಾರಿ. ಪಲ್ಯ ಬೇರೆ ಕಟ್ಟಿ ನೋಡಿದ್ವಿ, ಬೆಣ್ಣೆ ಕಾಗದ ಹಾಕಿ ನೋಡಿದ್ವಿ, ಬಾಳೆ ಎಲೆ ಹಾಸಿ ನೋಡಿದ್ವಿ. ಐದು ನಿಮಿಷ ಹೆಚ್ಚು ಬಾಳುತ್ತೆ, ಅಷ್ಟೇ. ಅರ್ಧ ಗಂಟೆಗೆ ಎಲ್ಲವೂ ಒಂದೇ. ಹತ್ತು ನಿಮಿಷದಲ್ಲಿ ತಲುಪಿಸಿದ್ರೂ ಕಾವಲಿ ಪಕ್ಕ ನಿಂತು ತಿಂದ ದೋಸೆಗೆ ಸಮ ಬರಲ್ಲ. ಇದು ಯಾವ ಇಂಜಿನಿಯರೂ ಸರಿಮಾಡೋಕಾಗದ 'ಬಗ್'.

ಪೂರಿಯದ್ದೂ ಅದೇ ಕಥೆ, ಉಬ್ಬಿದ್ದು ಇಳಿದ ಮೇಲೆ ಅದನ್ನ ಪೂರಿ ಅನ್ನೋಕೆ ನಾಚಿಕೆಯಾಗುತ್ತೆ. ಆದ್ರೆ ಗಮನಿಸಿ, ನಮ್ಮ ತಿಂಡಿಗಳಲ್ಲಿ ಪ್ರಯಾಣಕ್ಕೆ ಹುಟ್ಟಿದವು ಎಷ್ಟೊಂದಿವೆ! ಸೆಟ್ ದೋಸೆ ಮೊದಲಿನಿಂದಲೂ ಮೆತ್ತಗೆ, ಡಬ್ಬಿ ಅದಕ್ಕೇನೂ ಮಾಡಲ್ಲ. ನಮ್ಮೂರಿನ ನೀರು ದೋಸೆ ಬಾಳೆ ಎಲೆಯಲ್ಲಿ ಸುತ್ತಿದ್ರೆ ಮಧ್ಯಾಹ್ನದವರೆಗೂ ನೀರು ದೋಸೆಯೇ. ಸಾಂಬಾರ್ ವಡೆ ದಾರಿಯಲ್ಲಿ ನೆನೆದು ಇನ್ನೂ ಚೆನ್ನಾಗುತ್ತೆ. ಪುಳಿಯೋಗರೆ, ಚಿತ್ರಾನ್ನದ ಬಗ್ಗೆ ಹೇಳೋದೇ ಬೇಡ, ತಿರುಪತಿಗೆ ಹೋಗೋವಾಗ ಅಜ್ಜಿ ಕಟ್ಟಿಕೊಡ್ತಿದ್ದಿದ್ದೇ ಅದನ್ನ. ಇಡ್ಲಿ ತಣ್ಣಗಾದಂತೆ ಬಿಗಿಯಾಗುತ್ತೆ ನಿಜ, ಆದ್ರೆ ಅರ್ಧ ಗಂಟೆ ತಡೆಯುತ್ತೆ. ಬಿಸಿಬೇಳೆಬಾತ್ ಒಂದು ಸೂಕ್ಷ್ಮ. ಪಾತ್ರೆಯಿಂದ ತೆಗೆದಾಗ ಸರಿಯಾಗಿದ್ದದ್ದು ಮನೆ ತಲುಪೋ ಹೊತ್ತಿಗೆ ಅನ್ನ ನೀರೆಲ್ಲ ಕುಡಿದು ಗಟ್ಟಿ ಮುದ್ದೆಯಾಗಿರುತ್ತೆ. ಪಾರ್ಸೆಲ್‌ದಕ್ಕೆ ಒಂದು ಸೌಟು ಬಿಸಿನೀರು ಹೆಚ್ಚು ಬೆರೆಸಿ, ಬೂಂದಿಯನ್ನ ಬೇರೆ ಪೊಟ್ಟಣದಲ್ಲಿ ಕೊಟ್ಟರೆ ಮುಗೀತು. ಇದನ್ನ ಹೇಳಿದ್ದು ಅಡುಗೆ ಭಟ್ರು, ನಾನಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದ್ರೆ "ಯಾರು ಕೇಳಿದ್ರು?" ಅಂದ್ರು!

ಸಾಂಬಾರಿಗೆ ಬರೋಣ. ಕುದಿಯೋ ಸಾಂಬಾರನ್ನ ತೆಳ್ಳನೆ ಪ್ಲಾಸ್ಟಿಕ್ ಕವರಿಗೆ ಹುಯ್ದು ಗಂಟು ಹಾಕೋದು ನಮ್ಮ ಹೋಟೆಲುಗಳ ಪುರಾತನ ಪಾಪ. ಇಡ್ಲಿ ಬೇಯಿಸೋಕೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕ್ತಿದ್ದದ್ದನ್ನ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ನಿಷೇಧಿಸಿತು, ನೆನಪಿರಬಹುದು. ಬಿಸಿ ತಾಗಿದ ಪ್ಲಾಸ್ಟಿಕ್ ಇಡ್ಲಿಯ ಕೆಳಗಿದ್ರೆ ಅಪಾಯ, ಸಾಂಬಾರಿನ ಸುತ್ತ ಇದ್ರೆ ಪರವಾಗಿಲ್ವಾ? ಬಿಸಿ ಪದಾರ್ಥಕ್ಕೆ ಅಂತಲೇ ಮಾಡಿದ, ತಿರುಗಿಸಿ ಮುಚ್ಚೋ ಮುಚ್ಚಳದ ಡಬ್ಬಿಗೆ ಆರೇಳು ರೂಪಾಯಿ ಬೀಳುತ್ತೆ. ಬಿಲ್ಲಿನಲ್ಲಿ ತೋರಿಸಿ ತಗೊಳ್ಳಿ, ಜನ ಕೊಡ್ತಾರೆ. ಇನ್ನು ಒಂದೊಂದು ಆರ್ಡರಿಗೂ ಒಂದೊಂದು ಸಲ ಸಾಂಬಾರ್ ತುಂಬೋ ಬದಲು, ರಶ್ ಶುರುವಾಗೋ ಮುಂಚೆ ಇಪ್ಪತ್ತು ಡಬ್ಬಿ ತುಂಬಿ ಬಿಸಿನೀರಿನ ತಟ್ಟೆಯಲ್ಲಿ 60 ಡಿಗ್ರಿಗಿಂತ ಮೇಲೆ ಇಟ್ಟುಬಿಡಬಹುದು. ತೆಂಗಿನಕಾಯಿ ಚಟ್ನಿಗೆ ಮಾತ್ರ ಈ ಉಪಾಯ ಬೇಡ, ಸೆಕೆಗೆ ಹಳಸುತ್ತೆ. ಅದನ್ನ ಸ್ವಲ್ಪ ಸ್ವಲ್ಪವೇ ಕಟ್ಟಿಕೊಳ್ಳಬೇಕು.

74 ಐಟಂ ಇದ್ದ ಪಾರ್ಸೆಲ್ ಪಟ್ಟಿ 19ಕ್ಕೆ ಇಳೀತು. ಒಂದೊಂದು ಹೆಸರು ಹೊಡೆದಾಗ್ಲೂ ಮಾವನ ಮುಖ ನೋಡೋಕೆ ಆಗ್ತಿರಲಿಲ್ಲ. ಉಳಿಸಿಕೊಳ್ಳೋಕೆ ಒಂದೇ ನಿಯಮ ಇಟ್ಟಿದ್ದೆ, ಅರ್ಧ ಗಂಟೆ ಡಬ್ಬಿಯಲ್ಲಿಟ್ಟು ನಾವೇ ತೆಗೆದು ತಿನ್ನೋದು. ಇನ್ನೊಬ್ಬರಿಗೆ ಕಳಿಸಬಹುದು ಅನ್ನಿಸಿದ್ರೆ ಪಟ್ಟಿಯಲ್ಲಿರಲಿ. ಇದನ್ನ ಎಷ್ಟು ಹೋಟೆಲ್ ಮಾಲೀಕರು ಮಾಡಿದಾರೆ ಹೇಳಿ? ಮಾವ ಇಪ್ಪತ್ತು ವರ್ಷದಲ್ಲಿ ತಮ್ಮದೇ ಪಾರ್ಸೆಲ್ ದೋಸೆಯನ್ನ ಅರ್ಧ ಗಂಟೆ ಬಿಟ್ಟು ತಿಂದಿದ್ದು ಅವತ್ತೇ ಮೊದಲ ಸಲ. ಎರಡನೇ ತುತ್ತಿಗೆ ಕೆಳಗಿಟ್ಟರು. "ಇದಕ್ಕೆ ದುಡ್ಡು ತಗಂಡಿದ್ದಾ ನಾವು?"

ಪಟ್ಟಿ ಚಿಕ್ಕದು ಮಾಡೋದು ಸೋಲು ಅನ್ನೋರಿಗೆ ಬೆಂಗಳೂರಿನದ್ದೇ ಉದಾಹರಣೆ ಕೊಡ್ತೀನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಆರ್. ಪ್ರಭಾಕರ್ ಅವರ ಕಲ್ಪನೆ ಅದು. ಕುರ್ಚಿ ತೆಗೆದ್ರು, ಸಪ್ಲೈಯರ್ ತೆಗೆದ್ರು, ಚಿಕ್ಕ ಪಟ್ಟಿ ಇಟ್ಟರು, ಅಡುಗೆಮನೆಯನ್ನ ಕಣ್ಣೆದುರಿಗೇ ತಂದರು. ಆಮೇಲೆ ಇಡೀ ಊರೇ ದರ್ಶಿನಿಮಯ. ಅಡುಗೆಯವರು ಓಡಿದ್ದರಿಂದ ಅಲ್ಲಿ ವೇಗ ಬರಲಿಲ್ಲ, ಬೇಡದ್ದನ್ನ ತೆಗೆದಿದ್ದರಿಂದ ಬಂತು. ಅಂಥ ಒಂದು ಯಂತ್ರಕ್ಕೆ ಹಿಂಬಾಗಿಲಿನಿಂದ 74 ಐಟಂನ ಎರಡನೇ ಹೋಟೆಲನ್ನ ತುರುಕಿ, ಅದೇ ಕಾವಲಿ, ಅದೇ ಕ್ಯಾಷಿಯರ್ ಸಾಕು ಅಂದ್ರೆ ಹೇಗ್ರೀ?

"ಆದ್ರೆ ಈಗ ಹತ್ತು ನಿಮಿಷದಲ್ಲಿ ಊಟ ಬರ್ತಿದೆಯಲ್ಲ, ನೀನು ಯಾವ ಕಾಲದಲ್ಲಿದ್ದೀಯಾ" ಅಂತ ಆಫೀಸಿನ ಗೆಳೆಯ ಕಾಲೆಳೆದ. ಸರಿ, ಹತ್ತು ನಿಮಿಷದ ಚರಿತ್ರೆಯನ್ನೇ ನೋಡೋಣ. 30 ನಿಮಿಷದ ಗ್ಯಾರಂಟಿಯನ್ನ ಜಗತ್ತಿಗೆ ಕಲಿಸಿದ ಡಾಮಿನೋಸ್, ಡೆಲಿವರಿ ಗಾಡಿಯ ಅಪಘಾತದ ಕೇಸಿನಲ್ಲಿ ಕೋಟ್ಯಂತರ ಡಾಲರ್ ಪರಿಹಾರದ ತೀರ್ಪು ಬಂದ ಮೇಲೆ 1993ರಲ್ಲಿ ಅಮೆರಿಕದಲ್ಲಿ ಅದನ್ನ ಕೈಬಿಟ್ಟಿತು. ಜೊಮ್ಯಾಟೊ 2022ರ ಮಾರ್ಚಿನಲ್ಲಿ ಹತ್ತು ನಿಮಿಷದ ಊಟ ಅಂತ ಘೋಷಿಸಿತು, ಅದು ನಿಲ್ಲಲಿಲ್ಲ. ಮತ್ತೆ 'ಕ್ವಿಕ್' ಅಂತ ಶುರುಮಾಡಿ 2025ರ ಮೇ ಹೊತ್ತಿಗೆ ಮುಚ್ಚಿತು. ಕೊಟ್ಟ ಕಾರಣ ಓದಿದ್ರೆ ನನ್ನ ವಾದವೇ: ಹೋಟೆಲುಗಳ ಅಡುಗೆಮನೆಗಳು ಹತ್ತು ನಿಮಿಷದ ಆರ್ಡರಿಗೆ ಸಜ್ಜಾಗಿಲ್ಲ ಅಂತ. 2024ರ ಅಕ್ಟೋಬರಿನಲ್ಲಿ ಸ್ವಿಗ್ಗಿ 'ಬೋಲ್ಟ್' ಶುರುಮಾಡಿದಾಗ ಅದು ಎರಡು ಕಿಲೋಮೀಟರಿನೊಳಗೆ ಮಾತ್ರ, ಅದೂ ತಯಾರಿಗೆ ಹೆಚ್ಚು ಹೊತ್ತು ಬೇಡದ ಪದಾರ್ಥಗಳಿಗೆ ಮಾತ್ರ ಅಂತ ಗೆರೆ ಎಳೆದುಕೊಂಡೇ ಬಂತು. ಪಟ್ಟಿ ಚಿಕ್ಕದು, ದೂರ ಚಿಕ್ಕದು. ಅಷ್ಟು ದೊಡ್ಡ ಕಂಪನಿಗೆ ಗೊತ್ತಿರೋದು ಮಾವನಿಗೆ ಸಲಹೆ ಕೊಟ್ಟವನಿಗೆ ಗೊತ್ತಿಲ್ಲ.

ಕಮಿಷನ್ ಬಗ್ಗೆ ಬರೀಲಿಲ್ಲ ಅಂತ ಹೋಟೆಲಿನವರು ಬೈಬಹುದು. ಬೈಯೋಕೆ ಹಕ್ಕಿದೆ. ಮಾವನ ಒಪ್ಪಂದದಲ್ಲಿ ನೂರಕ್ಕೆ 24. 300 ರೂಪಾಯಿ ಬಿಲ್ಲಿಗೆ 72, ಆ ಕಮಿಷನ್ ಮೇಲೆ ಶೇಕಡಾ 18 ಜಿಎಸ್‌ಟಿ, ಎರಡೂ ಸೇರಿ 85 ರೂಪಾಯಿ ಹೋಗುತ್ತೆ. ಡಬ್ಬಿ ಚೀಲ ಕಳೆದ್ರೆ ಕೈಗೆ ಇನ್ನೂರು, ಅದರಲ್ಲಿ ಅಕ್ಕಿ ಬೇಳೆ ಗ್ಯಾಸು ಸಂಬಳ ಬಾಡಿಗೆ. 2019ರ ಆಗಸ್ಟಿನಲ್ಲಿ ಹೋಟೆಲುಗಳೆಲ್ಲ ಸೇರಿ ರಿಯಾಯಿತಿ ಯೋಜನೆಗಳ ವಿರುದ್ಧ 'ಲಾಗ್ ಔಟ್' ಚಳವಳಿ ಮಾಡಿದ್ದು, 2022ರ ಏಪ್ರಿಲ್‌ನಲ್ಲಿ ಸ್ಪರ್ಧಾ ಆಯೋಗ ಎರಡು ದೊಡ್ಡ ಆ್ಯಪ್‌ಗಳ ಮೇಲೆ ತನಿಖೆಗೆ ಆದೇಶಿಸಿದ್ದು ಎಲ್ಲ ನ್ಯಾಯವೇ. ಆದ್ರೆ ಕಮಿಷನ್ ನಾಳೆ ಸೊನ್ನೆಯಾದ್ರೂ ಚಟ್ನಿ ಕವರಿನ ಗಂಟು ತಾನಾಗೇ ಬಿಗಿಯಾಗಲ್ಲ. ಆ ಜಗಳ ಮಾಡಿ, ಈ ಕೆಲಸವನ್ನೂ ಮಾಡಿ.

ಕಮಿಷನ್ ತಪ್ಪಿಸೋಕೆ ಒಂದು ದಾರಿ ಮಾತ್ರ ನಮಗೆ ಸಿಕ್ತು, ಅದೂ ಹಳೇದೇ. ಮುಂಬಯಿಯ ಡಬ್ಬಾವಾಲಾಗಳ ಬಗ್ಗೆ ಎಲ್ಲ ಮ್ಯಾನೇಜ್‌ಮೆಂಟ್ ಗುರುಗಳೂ ಪಾಠ ಮಾಡ್ತಾರೆ. 1890ರ ಸುಮಾರಿಗೆ ಶುರುವಾಗಿದ್ದು, ಸೈಕಲ್ಲು, ಲೋಕಲ್ ಟ್ರೇನು, ಡಬ್ಬಿ ಮುಚ್ಚಳದ ಮೇಲೆ ಬಣ್ಣದ ಗುರುತು. ಗುರುಗಳು ಹೇಳದೇ ಬಿಡೋದು ಏನಂದ್ರೆ, ಆ ಡಬ್ಬಿ ಬೇಗ ಹೋಗೋದೇ ಇಲ್ಲ! ಬೆಳಿಗ್ಗೆ ಮನೆ ಬಿಟ್ಟಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ತಲುಪುತ್ತೆ. ಒಳಗಿರೋದು ಚಪಾತಿ, ಪಲ್ಯ, ಅನ್ನ, ಬೇಳೆ. ಗಂಟೆಗಟ್ಟಲೆ ಕಾಯಬಲ್ಲ ಊಟವನ್ನೇ ಮನೆಯವರು ಆರಿಸಿ ಕಟ್ಟಿರ್ತಾರೆ. ಸಮಯ ತಪ್ಪಲ್ಲ ಅನ್ನೋದಷ್ಟೇ ಅವರ ಮಾತು. ಅದೇ ಉಪಾಯ ಮಾಡಿದ್ವಿ. ಒಂದೂವರೆ ಕಿಲೋಮೀಟರಿನೊಳಗಿನ ಆಫೀಸು, ಅಪಾರ್ಟ್‌ಮೆಂಟುಗಳಿಗೆ ಒಂದು ಫೋನ್ ನಂಬರ್. ಬೆಳಿಗ್ಗೆ 11ರೊಳಗೆ ಹೇಳಿದ್ರೆ 12:45ಕ್ಕೆ ಊಟ. ಮಾವನ ಹೋಟೆಲಿನ ಹುಡುಗನೇ, ತಿಂಗಳ ಸಂಬಳದ ಮೇಲೆ, ಕರೆಂಟ್ ಸ್ಕೂಟರಿನಲ್ಲಿ ಒಂದೇ ಸುತ್ತಿಗೆ ಎಲ್ಲವನ್ನೂ ಕೊಟ್ಟು ಬರ್ತಾನೆ. ಅಡುಗೆಯವರಿಗೆ ಮೊದಲೇ ಲೆಕ್ಕ ಗೊತ್ತಿರೋದ್ರಿಂದ ಕಾಯೋ ಮಾತೇ ಇಲ್ಲ. ಎರಡು ಗಂಟೆ ತಡವಾಗಿ ಬರೋ ಊಟಕ್ಕೆ ಈವರೆಗೆ ಒಬ್ಬರೂ 'ಲೇಟು' ಅಂದಿಲ್ಲ :-)

ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಮೊದಲ ತಿಂಗಳು ಆ್ಯಪಿನ ಆರ್ಡರ್ ನಿಜವಾಗ್ಲೂ ಇಳೀತು, ಮಾವ ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ವಾಪಸ್ ಕೊಡೋ ದುಡ್ಡೂ ಇಳಿದಿದ್ದರಿಂದ ಲೆಕ್ಕ ಹೆಚ್ಚುಕಮ್ಮಿ ಸಮವಾಯ್ತು, ಲಾಭ ಅನ್ನೋ ಹಾಗಿಲ್ಲ. ಶೆಜ್ವಾನ್ ನೂಡಲ್ಸ್ ಯಾಕೆ ತೆಗೆದ್ರಿ ಅಂತ ಪಕ್ಕದ ಪಿಜಿ ಹುಡುಗರು ಜಗಳಕ್ಕೆ ಬಂದ್ರು. ಎದುರು ರಸ್ತೆಯ ಹೋಟೆಲಿನವರು ಮಸಾಲೆ ದೋಸೆ ಕಳಿಸ್ತಾನೇ ಇದಾರೆ, ಅವರಿಗೆ 4.1 ನಕ್ಷತ್ರ ಇದೆ. ಅದನ್ನ ತೋರಿಸಿ, ಭಾನುವಾರ ಒಂದು ದಿನ ದೋಸೆ ವಾಪಸ್ ಹಾಕೋಣ ಅಂತ ಮಾವ ಹಟ ಹಿಡಿದಿದಾರೆ. ನಾನು ಬೇಡ ಅಂತ ಹಿಡಿದಿದೀನಿ. ಮಸಾಲೆ ದೋಸೆ ಕೇಳಿ ಫೋನ್ ಮಾಡೋರಿಗೆ ಸದ್ಯಕ್ಕೆ ಅವರ ಉತ್ತರ, "ಐದು ನಿಮಿಷದ ದಾರಿ, ಬನ್ನಿ ಮಾರಾಯ್ರೆ, ಬಿಸಿಬಿಸಿ ಹಾಕಿಸಿ ಕೊಡ್ತೇನೆ". ಕೆಲವರು ಬರ್ತಾರೆ, ಕೆಲವರು ಫೋನ್ ಇಟ್ಟುಬಿಡ್ತಾರೆ.

ಇನ್ನೊಂದು ಜಗಳ ಬಾಕಿ ಇದೆ. ಕೌಂಟರಿನ ಹೊರಗೆ ಡೆಲಿವರಿ ಹುಡುಗರಿಗೆ ಕೂರೋಕೆ ಒಂದು ಬೆಂಚು, ಒಂದು ಕುಡಿಯೋ ನೀರಿನ ಕ್ಯಾನು, ಒಳಗಿನ ಟಾಯ್ಲೆಟ್ ಬಳಸೋಕೆ ಅನುಮತಿ. ನೀರು ಬಂತು. ಟಾಯ್ಲೆಟ್ಟಿಗೂ ಮಾವ ಹೂಂ ಅಂದ್ರು. ಬೆಂಚಿಗೆ ಮಾತ್ರ "ಜಾಗ ಎಲ್ಲಿದೆ ಮಾರಾಯ, ಗಿರಾಕಿ ಬೈಕ್ ನಿಲ್ಸುದು ಎಲ್ಲಿ?" ಅಂತ ತಳ್ಳಿಹಾಕ್ತಿದಾರೆ. ಮೊನ್ನೆ ಅಳತೆ ತಗೊಂಡು ಬಂದಿದೀನಿ, ಗೋಡೆಗೆ ಅಂಟಿಕೊಂಡ ಹಾಗೆ ಹದಿನೈದು ಇಂಚು ಅಗಲದ್ದು ಹಿಡಿಸುತ್ತೆ. ಬರೋ ಶನಿವಾರ ನಾನೇ ಆಟೋದಲ್ಲಿ ಹಾಕಿಕೊಂಡು ಹೋಗ್ತಿದೀನಿ. ಲಿಂಗಸುಗೂರಿನ ಹುಡುಗ ಈಗಲೂ ಬರ್ತಾನೆ, ಬ್ಯಾಂಡೇಜ್ ಬಿಚ್ಚಿದಾನೆ, ಮಳೆ ಬಂದ್ರೆ ಮಾತ್ರ ಆ ತಿರುವಿನಲ್ಲಿ ಗಾಡಿ ತಳ್ಳಿಕೊಂಡು ಹೋಗ್ತೀನಿ ಅಂದ.